ಅಟ್ಟಕ್ಕೆ ಇಂಟರ್ನೆಟ್ ಜೋಡಿಸುವ ಕ್ರಮ

ಮೊದಲು ಸಾಮಾನು ಸರಿಯಾಗಿದೆಯೇ ನೋಡಿಕೊಳ್ಳಿ: ಒಂದು ಫೋನು, ರೈತರ ನೋಂದಣಿಯ ಫ್ರೂಟ್ಸ್ ಐಡಿ, ನಿಮ್ಮ ಹೆಬ್ಬೆಟ್ಟು, ಬೆಂಗಳೂರಿನಲ್ಲಿರುವ ಮಗ. ಮಗ ಫೋನ್ ಎತ್ತದಿದ್ದರೆ ಪಕ್ಕದ ಮನೆಯ ಪಿಯುಸಿ ಹುಡುಗಿ ಆದೀತು. ಕೊಬ್ಬರಿ ಒಣಗಿಸುವ ಅಟ್ಟ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅದನ್ನು ತಾತನೇ ಕಟ್ಟಿಸಿರಬೇಕು.

ಈಗ ತೋಟದ ಮೋಟರು. ತ್ರೀಫೇಸ್ ಕರೆಂಟು ನಡುರಾತ್ರಿ ಬಂದರೆ ಬ್ಯಾಟರಿ ಹಿಡಿದು ತೋಟಕ್ಕೆ ಓಡಬೇಡಿ. ಮಲಗಿದ್ದಲ್ಲಿಂದಲೇ ಮೊಬೈಲ್ ಸ್ಟಾರ್ಟರಿಗೆ ಒಂದು ರಿಂಗ್ ಕೊಡಿ. ತುರುವೇಕೆರೆ ಕಡೆ ಇದೇನೂ ಹೊಸದಲ್ಲ. ಇನ್ನು ಕೆಲವು ವರ್ಷಕ್ಕೆ ಮಣ್ಣಿನ ತೇವ ಅಳೆಯುವ ಕಡ್ಡಿಯೇ ಮೋಟರನ್ನು ಎಬ್ಬಿಸಿ ಮಲಗಿಸುತ್ತದಂತೆ. ಬೋರು ಬತ್ತಿದ್ದರೆ ಯಾವ ಗುಂಡಿ ಒತ್ತಬೇಕೆಂದು ಕೇಳಬೇಡಿ.

ದರ ನೋಡುವ ವಿಧಾನ. ತಿಪಟೂರು ಎಪಿಎಂಸಿಯ ಕೊಬ್ಬರಿ ಟೆಂಡರ್ ಈಗ ಕಂಪ್ಯೂಟರಿನಲ್ಲೇ ತೆರೆಯುತ್ತದೆ. ರಾಜ್ಯದ ಏಕೀಕೃತ ಮಾರುಕಟ್ಟೆ ಜಾಲ 2014ರಲ್ಲಿ ಬಂತು, ಕೇಂದ್ರದ ಇ-ನಾಮ್ 2016ರ ಏಪ್ರಿಲ್‌ನಲ್ಲಿ. ಇದರಿಂದ ಲಾಭವಿಲ್ಲ ಎನ್ನುವವರ ಮಾತಿಗೆ ಕಿವಿಗೊಡಬೇಡಿ: ಹುಳಿಯಾರಿನ ಬೇಲಿ ಮೇಲೆ ಕೂತವನಿಗೂ ಮಂಡಿಯವನಿಗೂ ರೇಟು ಒಂದೇ ಗಳಿಗೆಯಲ್ಲಿ ಗೊತ್ತಾಗುವುದು ಸಣ್ಣ ಸಂಗತಿಯಲ್ಲ. ಆದರೆ ತೆರೆ ರೇಟನ್ನು ತೋರಿಸುತ್ತದೆ, ಏರಿಸುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಪೇಟೆಯ ದರ 8,000ದ ಆಸುಪಾಸಿಗೆ ಕುಸಿದಿತ್ತು. ಎರಡೂ ಅಂಕಿ ಒಂದೇ ಫೋನಿನಲ್ಲಿ, ಅಷ್ಟೇ ಸ್ಪಷ್ಟವಾಗಿ ಕಂಡವು. 2025ರಲ್ಲಿ ದರ 25,000 ದಾಟಿದಾಗಲೂ ಅಷ್ಟೇ ಸ್ಪಷ್ಟ. ಅಷ್ಟು ಹೊತ್ತಿಗೆ ಎಷ್ಟೋ ಅಟ್ಟಗಳು ಖಾಲಿ.

ಬೆಂಬಲ ಬೆಲೆಗೆ ಮಾರಲು ನೋಂದಣಿ ಬೇಕು, ಅದಕ್ಕೆ ಹೆಬ್ಬೆಟ್ಟು ಒತ್ತುವ ವಿಧಾನ. ಒದ್ದೆ ಬಟ್ಟೆಯಲ್ಲಿ ಒರೆಸಿ ಒತ್ತಿ. ಮಟ್ಟೆ ಸುಲಿದು ಸವೆದ ಬೆರಳಾದರೆ ಇನ್ನೊಂದು ಬೆರಳು, ಆಮೇಲೆ ಮತ್ತೊಂದು. ಹತ್ತೂ ಮುಗಿದರೆ ಸರ್ವರ್ ಡೌನ್ ಎಂದು ತಿಳಿಯಿರಿ. 2024ರಲ್ಲಿ ಬೆಂಬಲ ಬೆಲೆಯ ನಾಫೆಡ್ ಖರೀದಿಯ ನೋಂದಣಿಯಲ್ಲಿ ಅಕ್ರಮದ ದೂರು ಬಂದು, ಅದನ್ನು ರದ್ದು ಮಾಡಿ ಮತ್ತೆ ಸಾಲು ನಿಲ್ಲಿಸಿದ್ದು ನೆನಪಿರಲಿ. ಆನ್‌ಲೈನ್ ಅಂದಮೇಲೆ ಸಾಲು ಯಾಕೆ ಅಂತ ಸಾಲಿನಲ್ಲಿ ನಿಂತಾಗ ಕೇಳಬಾರದು. ಹಿಂದಿನವನಿಗೆ ಸಿಟ್ಟು ಬರುತ್ತದೆ.

ಇನ್ನು ಅಟ್ಟ. ಬಲಿತ ಕಾಯಿ ಮಟ್ಟೆಯ ಸಮೇತ ಅಟ್ಟ ಸೇರಿದರೆ 8ರಿಂದ 12 ತಿಂಗಳು ಅಲ್ಲೇ. ಒಳಗಿನ ನೀರು ಇಂಗಬೇಕು, ತಿರುಳು ಒಣಗಿ ಚಿಪ್ಪು ಬಿಡಬೇಕು. ಇಲ್ಲಿ ಇಂಟರ್ನೆಟ್‌ಗೆ ಮಾಡಲು ಬರುವುದೇನೂ ಇಲ್ಲ, 5ಜಿ ಬಂದರೂ ಇಲ್ಲ. ಆದರೆ ಕಾಯುವವರಿಗೆ ಮಾಡಲು ಬರುವುದು ಬಹಳ ಇದೆ: ದಿನಕ್ಕೆ ಹತ್ತು ಸಲ ರೇಟು ನೋಡುವುದು, ವಾಟ್ಸ್ಯಾಪ್‌ನಲ್ಲಿ ಯಾರೋ ಹಾಕಿದ ‘ನಾಳೆ ಬೀಳುತ್ತೆ’ ನಂಬಿ ಅರೆಒಣಗಿದ ಕಾಯಿ ಸುಲಿಸುವುದು. ಹಾಗೆ ಮಾಡಬೇಡಿ. ಹಸಿ ಕೊಬ್ಬರಿಗೆ ಬೂಸ್ಟು ಹಿಡಿಯುತ್ತದೆ. ಫೋನನ್ನು ಅಟ್ಟಕ್ಕೆ ಒಯ್ಯದಿರುವುದು ಲೇಸು.

ಮುಂದೆ ದೆಹಲಿಯ ಅಂಗಡಿಯವನು ಅಟ್ಟಕ್ಕೇ ನೇರ ಆರ್ಡರ್ ಹಾಕುವ ಕಾಲ ಬರಬಹುದು. ನಮ್ಮ ಉಂಡೆ ಕೊಬ್ಬರಿ ಹೋಗುವುದೇ ಹೆಚ್ಚಾಗಿ ಉತ್ತರದ ಹಬ್ಬ, ಮದುವೆಗಳಿಗೆ. ಆಗ ವಿಡಿಯೋ ಕಾಲ್‌ನಲ್ಲಿ ಕಾಯಿಯನ್ನು ಮೈಕಿನ ಹತ್ತಿರ ಹಿಡಿದು ಅಲ್ಲಾಡಿಸಿ. ಗುಡುಗುಡು ಎಂದರೆ ಒಣಗಿದೆ, ಗುಳುಗುಳು ಎಂದರೆ ನೀರಿದೆ. ಅವನಿಗೆ ವ್ಯತ್ಯಾಸ ತಿಳಿಯದಿದ್ದರೆ ತಿಪಟೂರಿನ ಮಂಡಿಗೆ ಇನ್ನೂ ಕೆಲಸವಿದೆ.

ಕೊನೆಯದಾಗಿ, ಕಾಯಿ ಕೀಳುವವರನ್ನು ಕರೆಸುವುದು. ತೆಂಗು ಅಭಿವೃದ್ಧಿ ಮಂಡಳಿ ಇದಕ್ಕೆಂದೇ ‘ಹಲೋ ನಾರಿಯಲ್’ ಎಂಬ ಸಹಾಯವಾಣಿ ತೆರೆದಿದೆ. ನಾಳೆ ಆ್ಯಪ್‌ನಲ್ಲೂ ಸಿಗಬಹುದು. ಮರ ಹತ್ತುವವರೇ ಕಡಿಮೆಯಾದರೆ ತೆರೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ, ತಾಳ್ಮೆಯಿರಲಿ. ಬಂದವರು ಮರ ಇಳಿದ ಕೂಡಲೇ ಫೋನು ನಕ್ಷತ್ರ ಕೊಡಿ ಎನ್ನುತ್ತದೆ. ಮೊದಲು ಊಟಕ್ಕೆ ಕರೆಯಿರಿ, ಮರದ ಲೆಕ್ಕದಲ್ಲಿ ದುಡ್ಡು ಫೋನ್‌ಪೇ ಮಾಡಿ, ಮಕ್ಕಳಿಗೆಂದು ನಾಲ್ಕು ಎಳನೀರು ಅವರ ಬೈಕಿಗೆ ಕಟ್ಟಿಸಿ. ನಕ್ಷತ್ರ ಆಮೇಲೆ ನೋಡೋಣ.