ಗೋಡೆ ಮ್ಯಾಗಿನ ಮೌಲ್ಯ

ಬೈಲಹೊಂಗಲದ ಒಂದು ಹಲ್ಲಿನ ದವಾಖಾನಿ. ಗೋಡೆಗೆ ಹೊಸ ಬೋರ್ಡು: ‘ಪ್ರಾಮಾಣಿಕತೆ, ಗೌರವ, ಒಗ್ಗಟ್ಟು.’ (ಮೊಳೆ ಮಾತ್ರ ಸಡಿಲ.)

ಡಾಕ್ಟರ್: ನಾವೆಲ್ಲ ಒಂದ ಮನೀ ಮಂದಿ!

ನರ್ಸ್: ಖರೇರಿ. ಮನೀ ಮಂದಿಗೆ ಯಾರ ಪಗಾರ ಕೊಡ್ತಾರ? ಎರಡ ತಿಂಗಳಾತು.

ಡಾಕ್ಟರ್: ಒಗ್ಗಟ್ಟ ಕಲೀರಿ. 1824ರಾಗ ಕಿತ್ತೂರಿನವರು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆನ ಹೆಂಗ ಕೆಡವಿದ್ರು?

ಕಾಂಪೌಂಡರ್: ಆಮ್ಯಾಲೆ ಚೆನ್ನಮ್ಮ ರಾಣಿ ಸೆರಿ ಇದ್ದದ್ದು, 1829ರಾಗ ತೀರಿಕೊಂಡದ್ದು ನಮ್ಮೂರಾಗ ರೀ. ಸಮಾಧಿ ಇಲ್ಲೇ ಐತಿ.

ಡಾಕ್ಟರ್: ಅದಿರಲಿ. ಸಲಕರಣಿ ಶುದ್ಧ ಆದುವ?

ನರ್ಸ್: ಆಟೋಕ್ಲೇವ್ 121 ಡಿಗ್ರಿಯೊಳಗ 15 ನಿಮಿಷ ಇರಬೇಕ್ರಿ. ಕರೆಂಟ್ ಬಿಲ್ಲಿಗಂಜಿ ನೀವ 5ಕ್ಕ ಬಂದ್ ಮಾಡಿಸಿದ್ರಿ.

ಡಾಕ್ಟರ್: ಶ್! ಪೇಷಂಟ್ ಅದಾರ!

ನರ್ಸ್: ಬೋರ್ಡಿನ್ಯಾಗ ಮೊದಲನೇದ್ದು ಪ್ರಾಮಾಣಿಕತೆ ಅಲ್ರೀ?

ಸವದತ್ತಿ ಅಜ್ಜಿ (ಗಲ್ಲ ಹಿಡಿದು ಎದ್ದು): ಯಪ್ಪಾ, ರಾಮದುರ್ಗದ ಬಸ್ಸು ಎಷ್ಟಕ್ಕೈತಿ? ಅಲ್ಲೇ ಕೀಳಿಸ್ಕೊಂತೀನಿ.