ದೇವರಿಗೊಂದು ಪಾಲು, ಉಳಿದದ್ದು ರೈತನದು

ದಾವಣಗೆರೆ, ಹಾವೇರಿ ಕಡೆ ಎರಡೆಕರೆಯಲ್ಲಿ ಮೆಕ್ಕೆಜೋಳ ಹಾಕುವವನ ಮೇಲೆ ವಿದ್ವಾಂಸರದ್ದು ಒಂದೇ ದೂರು: ಅವನು ದಕ್ಷನಲ್ಲ. ಅಷ್ಟೇ ಬೀಜ, ಅಷ್ಟೇ ಗೊಬ್ಬರ, ಅಷ್ಟೇ ಆಳು ಹಾಕಿ ಎಲ್ಲರಿಗಿಂತ ಚೆನ್ನಾಗಿ ಬೆಳೆದವನ ಪಕ್ಕದಲ್ಲಿ ಇವನನ್ನು ನಿಲ್ಲಿಸಿ ಅಂಕ ಹಾಕುತ್ತಾರೆ. 1957ರಲ್ಲಿ ಫ್ಯಾರೆಲ್ ಎಂಬ ಅರ್ಥಶಾಸ್ತ್ರಜ್ಞ ಕೊಟ್ಟ ಅಳತೆಗೋಲು ಇದು. 1977ರಲ್ಲಿ ಬೇರೆಯವರು ಅದಕ್ಕೆ ಇನ್ನಷ್ಟು ನಯ ಕೊಟ್ಟರು. ಬೆಳೆ ಕಡಿಮೆ ಬಿದ್ದರೆ ಆ ಕೊರತೆಯನ್ನು ಎರಡು ಪಾಲು ಮಾಡಬೇಕಂತೆ. ಮಳೆ, ಗಾಳಿ, ಅದೃಷ್ಟದ್ದು ಒಂದು ಪಾಲು. ಮಿಕ್ಕಿದ್ದೆಲ್ಲ ರೈತನ ಅದಕ್ಷತೆ. ಅಣ್ಣತಮ್ಮಂದಿರ ಪಾಲುಪಟ್ಟಿಯೂ ಇಷ್ಟು ಸಲೀಸಾಗಿ ಆಗುವುದಿಲ್ಲ. ಸರ್ಕಾರ, ಗೊಬ್ಬರದಂಗಡಿ, ಮಂಡಿ ಇವರ್ಯಾರೂ ಈ ಆಸ್ತಿಗೆ ವಾರಸುದಾರರಲ್ಲ.

ಪೈರು ಮೊಣಕಾಲೆತ್ತರ ಬಂದಾಗ ಮೇಲುಗೊಬ್ಬರ ಬೀಳಬೇಕು. ಅದು ನಮ್ಮ ಅದಕ್ಷನಿಗೂ ಗೊತ್ತು. ಗೊತ್ತಿರುವುದರಿಂದಲೇ ಬೆಳಗಿನ ಜಾವ ಸೊಸೈಟಿ ಮುಂದೆ ಸರದಿಗೆ ಚಪ್ಪಲಿ ಇಟ್ಟು ಕೂತಿದ್ದಾನೆ. ಲೋಡು ಬಂದ ದಿನ 266 ರೂಪಾಯಿಯ ಯೂರಿಯಾ ಚೀಲದ ಜೊತೆ ಬೇಡದ ಬಾಟಲಿಯೊಂದನ್ನು ‘ಲಿಂಕ್’ ಎಂದು ಕೊರಳಿಗೆ ಕಟ್ಟುತ್ತಾರೆ. ಅಷ್ಟರಲ್ಲಿ ಹೊಲದಲ್ಲಿ ಸೂಲಂಗಿ ಬಿಟ್ಟಿರುತ್ತದೆ. ಇಳುವರಿ ಇಳಿಯಿತು. ಯಾರ ಪಾಲಿಗೆ ಬರೆಯೋಣ? ಮಳೆ ಚೆನ್ನಾಗಿಯೇ ಆಗಿತ್ತು, ದೇವರನ್ನು ಬಿಟ್ಟುಬಿಡಿ.

2018ರಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು ನಮ್ಮ ಶಿವಮೊಗ್ಗದಲ್ಲಿ. ಮೆಕ್ಕೆಜೋಳದ ಸುಳಿಯೊಳಗೆ ಕೂತು ತಿನ್ನುತ್ತದೆ. ಅದರ ದಕ್ಷತೆಯ ಬಗ್ಗೆ ಮಾತ್ರ ಈವರೆಗೆ ಯಾರೂ ತಕರಾರು ತೆಗೆದಿಲ್ಲ.

ಬಡ ರೈತ ತನ್ನಲ್ಲಿ ಇರುವಷ್ಟರಲ್ಲೇ ದಕ್ಷ ಎಂದು ಅರ್ಥಶಾಸ್ತ್ರಜ್ಞ ಥಿಯೋಡರ್ ಶುಲ್ಟ್ಜ್ 1964ರಲ್ಲೇ ಬರೆದರು. 1979ರಲ್ಲಿ ಅವರಿಗೆ ನೊಬೆಲ್ ಬಂತು. ರೈತನಿಗೆ ತರಬೇತಿ ಬಂತು.

ತರಬೇತಿಯ ಫಲವೋ, ಮಳೆಯ ಕೃಪೆಯೋ, 2025ರಲ್ಲಿ ರಾಜ್ಯದ ಮೆಕ್ಕೆಜೋಳ 50 ಲಕ್ಷ ಟನ್ ದಾಟಿತು. ದಕ್ಷನಾದ ತಪ್ಪಿಗೆ ಶಿಕ್ಷೆ ಕೂಡಲೇ ಆಯಿತು. ಕೇಂದ್ರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ನವೆಂಬರಿನಲ್ಲಿ ಮಂಡಿಯಲ್ಲಿ ಕೈಗೆ ಬಂದದ್ದು 1,600, 1,800ರ ಆಸುಪಾಸು. ಎಥೆನಾಲಿಗೆ ಬೇಕು, ಮೆಕ್ಕೆಜೋಳ ಬೆಳೆಯಿರಪ್ಪ ಎಂದು ಹುರಿದುಂಬಿಸಿದವರೇ ಅದೇ ಕಾರ್ಖಾನೆಗಳಿಗೆ ಗೋದಾಮಿನ ಅಕ್ಕಿಯನ್ನೂ ತೆರೆದಿಟ್ಟರು. ಆ ವರ್ಷದ ಜನವರಿಯಲ್ಲಿ ಅದಕ್ಕೆ ನಿಗದಿಯಾದ ದರ 2,250 ರೂಪಾಯಿ. ಬೆಂಬಲ ಬೆಲೆಯ ಲೆಕ್ಕದಲ್ಲಿ ಮನುಷ್ಯರು ಉಣ್ಣುವ ಅಕ್ಕಿ ಅಗ್ಗ, ಕೋಳಿ ತಿನ್ನುವ ಕಾಳು ತುಟ್ಟಿ. ಕಾರ್ಖಾನೆಯವರಿಗೆ ಲೆಕ್ಕ ಬರುತ್ತದೆ, ತರಬೇತಿ ಬೇಕಿಲ್ಲ. ಬೆಂಗಳೂರು ದಿಲ್ಲಿಗೆ ಪತ್ರ ಬರೆಯಿತು, ದಿಲ್ಲಿ ಬೆಂಗಳೂರಿನ ಕಡೆ ಬೆರಳು ತೋರಿಸಿತು. ಕಾಳು ರಸ್ತೆ ಮೇಲಿತ್ತು.

ಅದೂ ಸುಮ್ಮನೆ ಇರಲಿಲ್ಲ, ಒಣಗುತ್ತಿತ್ತು. ತೇವ ಶೇ 14ಕ್ಕಿಂತ ಹೆಚ್ಚಿದ್ದರೆ ಖರೀದಿ ಇಲ್ಲ. ಊರಲ್ಲಿ ಕಣ ಉಳಿದಿಲ್ಲ, ಒಣಗಿಸುವ ಯಂತ್ರ ಇಲ್ಲ. ಇರುವುದು ಡಾಂಬರು. ಸರ್ಕಾರ ಕೃಷಿಗೆಂದು ಕಟ್ಟದೆಯೂ ಕೃಷಿಗೆ ಇಷ್ಟು ಒದಗಿದ್ದು ಸರ್ವಿಸ್ ರಸ್ತೆಯೊಂದೇ. ಒಣಗಿಸಿ, ತೂರಿ, ಚೀಲ ತುಂಬಿ ತಂದರೆ ದಲಾಲರು ಎರಡು ಕಾಳು ಬಾಯಿಗೆ ಹಾಕಿ ಕಡಿದು, “ಹಸಿ ಐತಲ್ಲೋ ತಮ್ಮಾ” ಎನ್ನುತ್ತಾರೆ. ಎಂಥ ಮೀಟರೂ ಆ ಹಲ್ಲಿನ ಮುಂದೆ ನಿಲ್ಲದು. ಅಲ್ಲಿಂದ ಮುಂದೆ ಹಮಾಲಿ, ಸೂಟು, ಕಡಿತ. ಇನ್ನು ಬೆಂಬಲ ಬೆಲೆಯ ಕೇಂದ್ರಕ್ಕೆ ಹೋದರೆ ಒಬ್ಬರಿಂದ ಇಷ್ಟೇ ಕ್ವಿಂಟಲ್ ಎಂಬ ಮಿತಿ. ಹೆಚ್ಚು ಬೆಳೆದಿದ್ದರೆ ಅದೂ ಅವನದೇ ತಪ್ಪು.

ಮುಂದಿನ ಪಿಎಚ್.ಡಿಗೆ ವಿಷಯ ಹುಡುಕುತ್ತಿರುವವರಲ್ಲಿ ಒಂದು ಕೋರಿಕೆ. ರೈತನ ಹೊಲ ಸಾಕಷ್ಟು ಅಳೆದಾಯಿತು. ಅದೇ ಸೂತ್ರ ಹಿಡಿದು ಒಮ್ಮೆ ಖರೀದಿ ಕೇಂದ್ರಕ್ಕೆ ಹೋಗಿ ಬನ್ನಿ. ಹಾಕಿದ ಸಿಬ್ಬಂದಿ ಎಷ್ಟು, ಸುತ್ತೋಲೆ ಎಷ್ಟು, ಸಭೆ ಎಷ್ಟು, ಕಡೆಗೆ ಕೊಂಡ ಚೀಲ ಎಷ್ಟು ಎಂದು ಬರೆದುಕೊಳ್ಳಿ. ಕೊರತೆ ಕಂಡರೆ ಎರಡು ಪಾಲು ಮಾಡಿ. ಈ ಸಲ ದೇವರ ಪಾಲನ್ನು ಸೊನ್ನೆ ಎಂದೇ ಹಿಡಿಯಿರಿ.