ಇನ್ನೊಂಚೂರು ಉಜ್ಜುವವರು

ಮನೆಯ ಗ್ಯಾರೇಜಿನಲ್ಲಿ ಕೂತು ಹೊಗೆಸೊಪ್ಪಿನ ಪೈಪು ಕೆತ್ತುವ ಮಹಾಶಯರು ಇಂಗ್ಲೆಂಡ್, ಅಮೆರಿಕಗಳಲ್ಲಿ ಧಾರಾಳವಾಗಿ ಸಿಗುತ್ತಾರೆ. ಅವರನ್ನು ಸೇದುವವರ ಪಟ್ಟಿಗೆ ಸೇರಿಸುವುದು ತಪ್ಪೆಂದು ನನ್ನ ವಾದ. ಅನುಮಾನವಿದ್ದರೆ ಅಂಗಿ ನೋಡಿ: ತೋಳಿನ ತುಂಬ ಮರದ ಹುಡಿ, ಎದೆಯ ಮೇಲೆ ಕಿಡಿ ಬಿದ್ದ ತೂತು ಒಂದೂ ಇಲ್ಲ. ಬಾಯಿ ತೆರೆದರೆ ಸೊಪ್ಪಿನ ರುಚಿಯ ಸುದ್ದಿಯಿಲ್ಲ, ಬ್ರಯರಿನ ವಂಶಾವಳಿ ಶುರು. ಮೆಡಿಟರೇನಿಯನ್ ಸೀಮೆಯ ಒಂದು ಪೊದೆ, ಅದರ ಬುಡದಲ್ಲಿ ಗೆಡ್ಡೆಯಂತೆ ಊದಿದ ಗಂಟು. ಅದನ್ನು ತಾಸುಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ಒಣಗಿಸಿದರೆ ಬೆಂಕಿ ತಾಳುವ ಮರ ಸಿದ್ಧ. 19ನೇ ಶತಮಾನದ ನಡುವಿನಿಂದ ಫ್ರಾನ್ಸಿನ ಸೇಂ ಕ್ಲೋದ್ ಎಂಬ ಊರು ಇದನ್ನೇ ಕೆತ್ತಿ ಹೆಸರು ಮಾಡಿತು. ಇಷ್ಟು ಮುಗಿಯುವ ಹೊತ್ತಿಗೆ ಕೇಳುವವರ ಕಾಫಿ ಆರಿರುತ್ತದೆ. ಹೇಳುವವರ ಪೈಪಿಗೆ ಆರುವ ಭಯವಿಲ್ಲ, ಹೊತ್ತಿಸಿದ್ದರೆ ತಾನೆ?

ದುಡ್ಡು ಉಳಿಸಲು ಮಾಡಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ಅಗ್ಗದ ಮಾತಾದರೆ ಮಿಸೌರಿಯಲ್ಲಿ 1869ರಿಂದಲೇ ಮುಸುಕಿನ ಜೋಳದ ದಿಂಡಿನಿಂದ ಪೈಪು ಮಾಡುತ್ತಿದ್ದಾರೆ, ಅದನ್ನು ಕೊಂಡರಾಯಿತು. ಪೈಪು ಚೆನ್ನಾಗಿ ಎಳೆಯಬೇಕಾದರೆ ತಿದ್ದಲೇಬೇಕು ಎಂಬುದು ತುಸು ಗಟ್ಟಿಯಾದ ಆಕ್ಷೇಪ. ನಿಜ, ಸುಮಾರು 4 ಮಿಲಿಮೀಟರಿನ ಹೊಗೆದಾರಿ ಬಟ್ಟಲಿನ ತಳಕ್ಕೇ ಬಂದು ಸೇರಬೇಕು. ಬೈರಿಗೆ ಕೊಂಚ ಮೇಲೆ ಹಾಯ್ದರೂ ತಳದ ಸೊಪ್ಪು ಉರಿಯದೆ ಒದ್ದೆಯಾಗಿ ಕೂರುತ್ತದೆ, ಎಳೆದಾಗ ಗೊಳಗೊಳ ಎನ್ನುತ್ತದೆ. ಅದನ್ನು ಸರಿಮಾಡಲಿ, ಬೇಡವೆಂದವರು ಯಾರು? ಆದರೆ ತೂತು ನೆಟ್ಟಗಾದ ಗಳಿಗೆಯಲ್ಲೇ ಕಚ್ಚುವ ತುದಿ ದಪ್ಪ ಕಾಣುತ್ತದೆ. ಆ ತುದಿಯ ಎಬೊನೈಟಿಗೆ, ಅಂದರೆ ಗಟ್ಟಿ ರಬ್ಬರಿಗೆ, ಅರ ಬೀಳುತ್ತದೆ. ತುದಿ ತೆಳ್ಳಗಾದರೆ ಬಟ್ಟಲು ಡೊಳ್ಳುಹೊಟ್ಟೆ ಅನಿಸುತ್ತದೆ. 220ರ ಉಪ್ಪುಕಾಗದದಲ್ಲಿ ಎಡ ಮಗ್ಗುಲು ಉಜ್ಜಿದರೆ ಬಲ ಮಗ್ಗುಲು ಉಬ್ಬು, ಬಲ ಉಜ್ಜಿದರೆ ಎಡ. ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿ ಇಷ್ಟು ಶ್ರದ್ಧೆಯಿಂದ ತಕ್ಕಡಿ ನೋಡಿರಲಾರದು. ನಡುವೆ ಮರದೊಳಗಿಂದ ಸಾಸಿವೆಯಷ್ಟು ಕುಳಿಯೊಂದು ಇಣುಕಿತೋ, ಅದನ್ನು ಅಟ್ಟಿಸಿಕೊಂಡು ಹೋಗಿ ಇನ್ನೆರಡು ಎಬ್ಬಿಸುತ್ತಾರೆ. ಕೊನೆಗೆ ಇಡೀ ಬಟ್ಟಲನ್ನು ಉಳಿಯಿಂದ ಗೀಚಿ, ಒರಟು ಮೈಯೇ ತಮ್ಮ ಮೊದಲ ಯೋಜನೆಯಾಗಿತ್ತು ಎನ್ನುತ್ತಾರೆ. ಬ್ರಯರ್ ಪಾಪ, ಸಾಕ್ಷಿ ಹೇಳುವುದಿಲ್ಲ.

ಇದೆಲ್ಲ ಕಲೆಯಲ್ಲವೇ ಎಂದರೆ, ಇರಬಹುದು. ಅದರಿಂದ ನನ್ನ ವಾದಕ್ಕೇ ಬಲ ಬಂತು. ಒಮ್ಮೆ ಸೇದಿದರೆ ಸಾಕು, ಅಂಚು ಕಪ್ಪಾಗುತ್ತದೆ, ಒಳಗೆ ಮಸಿ ಕಟ್ಟುತ್ತದೆ. ಜೇನುಮೇಣ ಸವರಿ ಕನ್ನಡಿಯಂತೆ ಹೊಳೆಸಿದ್ದನ್ನು ಯಾರಾದರೂ ಕೈಯಾರೆ ಸುಟ್ಟುಕೊಂಡಾರೇ? ವೈದ್ಯರಿಗೂ ಇವರ ಮೇಲೆ ಮುನಿಸಿಲ್ಲ, ಹುಡಿ ಮೂಗಿಗೆ ಹೋಗದಂತೆ ಧೂಳು ತಡೆಯುವ ಸರಿಯಾದ ಮಾಸ್ಕ್ ಹಾಕಿಕೊಂಡರಾಯಿತು. ನೀವು ಬೆಂಕಿಪೊಟ್ಟಣ ಮುಂದೆ ಹಿಡಿದು ನೋಡಿ: ಕಡ್ಡಿ ತೆಗೆಯುವುದಿಲ್ಲ, ಪಕ್ಕದ ಗೀರುಪಟ್ಟಿಯನ್ನು ಹೆಬ್ಬೆರಳಿನಿಂದ ಸವರಿ, ಇದು ಎಷ್ಟನೇ ನಂಬರಿನ ಕಾಗದ ಎಂದು ಕೇಳುತ್ತಾರೆ.